ಸಾತವ್ವಗಿಂತ ಮೊದಲ ಹೊಂಟ ಗಂಟು

ಕೂಡ್ರಿ, ಕೂಡ್ರಿ. ಕಾಲು ಚಾಚಿದವರು ಮಡಚಿಕೊಳ್ರಿ. ಶೇಂಗಾ ಒಡಿಯೋರು ಸಪ್ಪಳಾಗದಂಗ ಒಡೀರಿ. ನನ್ನ ಕಥಿಗೆ ಕಾಲಿಲ್ಲ. ನೀವು ಹೂಂ ಅಂದಷ್ಟು ದೂರ ನಡೀತೈತಿ, ನೀವು ಬಾಯಿ ಮುಚ್ಚಿದ್ರ ಅಲ್ಲೇ ಕುಂತು ಬಿಡ್ತೈತಿ. ಹೂಂ ಅಂತೀರಲ್ಲ? ಹಂಗಾರ ಕೇಳ್ರಿ.

ಒಂದಾನೊಂದು ಸೀಮ್ಯಾಗ ಒಂದೂರು. ಯಾವ ಸೀಮಿ, ಯಾವ ಊರು ಅಂತ ಕೇಳಬ್ಯಾಡ್ರಿ, ನನಗ ಹೇಳಿದ ನಮ್ಮಾಯಿಗೂ ಗೊತ್ತಿರಲಿಲ್ಲ. ಆ ಊರಾಗ ಸಾತವ್ವ ಅಂತ ಒಬ್ಬ ಹೆಣ್ಮಗಳು. ಅಕಿ ಗಂಡ ಯಮನಪ್ಪ. ಸಾತವ್ವ ಬಾಳ ಚಲೋ ಹೆಣ್ಮಗಳು. ಕೈ ಚಲೋ, ಬಾಯಿ ಚಲೋ, ಮನಸು ಚಲೋ. ಆದ್ರ ಒಂದ ಕೊರತಿ, ಚಿಂತಿ. ಚಿಂತಿ ಇಲ್ಲದವಗ ಸಂತ್ಯಾಗೂ ನಿದ್ದಿ ಅಂತಾರಲ್ಲ, ಸಾತವ್ವಗ ಹಾಸಗ್ಯಾಗೂ ನಿದ್ದಿ ಇರಲಿಲ್ಲ. ಮಳಿ ಬಂದ್ರ ಮನಿ ಸೋರೀತು ಅಂತ ಚಿಂತಿ, ಬರದಿದ್ರ ಬೆಳಿ ಒಣಗೀತು ಅಂತ ಚಿಂತಿ. ಮದುವ್ಯಾಗಿ ಆ ಊರಿಗೆ ಬಂದಾಕಿ ಮತ್ತ ಊರ ಅಗಸಿ ಬಾಗಲ ದಾಟಿರಲಿಲ್ಲ. ದಾರ್ಯಾಗ ಏನಾರ ಕಡಿಮಿ ಬಿದ್ರ? ಕಂಡವರ ಮುಂದ ಕೈ ಚಾಚಬೇಕಾದ್ರ? ಅದಕ್ಕಿಂತ ಮನ್ಯಾಗ ಇರೂದ ಲೇಸು ಅನ್ನಾಕಿ.

ಅಕಿಗೆ ಒಬ್ಬಾಕಿ ಮಗಳು, ಹೂವಕ್ಕ. ಹೊಳಿ ಆಚಿ ಊರಿಗೆ ಕೊಟ್ಟಿದ್ರು. ಚೊಚ್ಚಲ ಹೆರಿಗಿ ತವರಾಗ ಆತು, ಆದ್ರ ಕೂಸು ಉಳೀಲಿಲ್ಲ. ಈಗ ಎರಡನೇದು. ಗಂಡನ ಮನ್ಯಾಗ ಅತ್ತಿ ಇಲ್ಲ, ನಾದಿನಿ ಇಲ್ಲ. ಒಂದಿನ ಬಳೆಗಾರ ಬಂದು ಹೇಳಿದ, "ಸಾತವ್ವಾ, ನಿನ್ನ ಮಗಳಿಗೆ ದಿನ ತುಂಬ್ಯಾವ. ಬಾಳ ಅಂಜ್ಯಾಳ. ಏನೂ ತರೂದು ಬ್ಯಾಡ, ಬರೇ ನಮ್ಮವ್ವ ಬರಲಿ ಅಂದಾಳ."

ಬರೇ ಅವ್ವ ಬರಲಿ ಅಂದ್ರ ಸಾತವ್ವ ಬರೇ ಹೊಂಟಾಳೇನು? ಗಂಟು ಕಟ್ಟಾಕ ಕುಂತ್ಳು. ಚಪ್ಪಲಿ ಹರದ್ರ ಅಂತ ಸೂಜಿ ದಾರ. ಹಸಿವಾದ್ರ ಅಂತ ರೊಟ್ಟಿ, ಶೇಂಗಾ ಹಿಂಡಿ. ಹೊಳ್ಯಾಗ ಬಿದ್ರ ಅಂತ ಹಗ್ಗ. ಹಗ್ಗ ಹರದ್ರ ಅಂತ ಇನ್ನೊಂದು ಹಗ್ಗ! ಬಾಣಂತಿಗೆ ಅಂಟಿನುಂಡಿ, ಕೂಸಿನ ತಲಿಗೆ ಕುಲಾಯಿ. ಎಲ್ಲಾ ಕೂಡಿಸಿ ಒಂದು ಕೌದ್ಯಾಗ ಹಾಕಿ ಬಿಗದ್ಳು. ಆ ಕೌದಿ ಎಂಥಾದ್ದು? ಹೂವಕ್ಕನ ಸಣ್ಣಂದಿನ ಪರಕಾರ, ಕುಪ್ಪಸದ ತುಣುಕು ಕೂಡಿಸಿ ಸಾತವ್ವನ ಕೈಲೆ ಹೊಲದಿದ್ದು. ಈ ಕೌದಿ ನೆನಪಿಟ್ಟುಕೊಳ್ರಿ, ಮುಂದ ಇದರ ಕೆಲಸ ಐತಿ.

ಇನ್ನ ಹೊರಡೂದು. ಸುಮ್ಮನ ಹೊಂಟ್ರ ಆತೇನು? ಗಳಿಗಿ ನೋಡಬೇಕು. ನೋಡಿದ್ರ, ಚಲೋ ಗಳಿಗಿ ಇವತ್ತ ಐತಿ, ಆದ್ರ ಗಂಡಗ ಬೇಕಾದ ಜೋಳ ಬೀಸೂದು ಇನ್ನ ಮುಗಿದಿಲ್ಲ. ಅದಕ್ಕ ಹಿರ್ಯಾರು ಒಂದು ಉಪಾಯ ಮಾಡಿ ಇಟ್ಟಾರಲ್ಲ, ಪ್ರಸ್ಥಾನ ಇಡೂದು! ನಮಗ ಹೊರಡಾಕ ಆಗಲಿಲ್ಲ ಅಂದ್ರ, ಗಂಟನ್ನ ಆ ಗಳಿಗ್ಯಾಗ ಮಗ್ಗಲ ಮನ್ಯಾಗ ಇಟ್ಟು ಬರೂದು. ಗಂಟು ಹೊಂಟ್ರ ಮನಿಷಾ ಹೊಂಟಂಗ. ಆಮ್ಯಾಲ ನಿವಾಂತ ಹೋಗಬಹುದು. ಆದ್ರ ಒಂದು ನೇಮ ಐತಿ. ಹಂಗ ಹೊಂಟ ಗಂಟು ಪರ ಊರು ಕಾಣಲಾರದ ತಿರುಗಿ ಮನಿಗೆ ಬರಬಾರದು.

ಸಾತವ್ವ ಗಂಟನ್ನ ಮಗ್ಗಲ ಮನಿ ಪಡಸಾಲ್ಯಾಗ ಇಟ್ಟು ಬಂದ್ಳು. ಮರುದಿನ ಮುಂಜಾನಿ ಹೊಸ್ತಿಲ ದಾಟಬೇಕು, ಯಮನಪ್ಪ ಮೂಗಿಗೆ ನಶ್ಯ ಏರಿಸಿ, "ಆಕ್ಷೀ!" ಅಂದ. ಒಂಟಿ ಸೀನು!

"ಇನ್ನೊಂದು ಸೀನ್ರಿ, ಜೋಡಿ ಆಗಲಿ," ಅಂದ್ಳು ಸಾತವ್ವ.

"ಬರದಿದ್ರ ಎಲ್ಲಿಂದ ತರ್ಲಿ? ನೀ ಹೋಗ," ಅಂದ ಯಮನಪ್ಪ.

ಹೋದ್ಳೇನು? ಇಲ್ಲ. ಕುಂತ್ಳು. ಹೊಸ ಗಳಿಗಿ ನೋಡಿದ್ಳು. ಗಂಟು ಮನಿಗೆ ಬರಂಗಿಲ್ಲ, ಅದಕ್ಕ ಇನ್ನೊಂದು ಮನಿ ಮುಂದಕ ಸರಿಸಿ ಇಟ್ಳು.

ಎರಡನೇ ಸಲ ಹೊಂಟ್ಳು. ಬೆಕ್ಕು ಅಡ್ಡ ಬಂತು. ಅದು ಅವರ ಮನಿ ಬೆಕ್ಕ, ದಿನಾ ಹಂಗ ಓಡ್ಯಾಡೂದು! ಆದ್ರೂ ಕುಂತ್ಳು. ಗಂಟು ಮತ್ತ ಮುಂದಕ ಹೋತು.

ಮೂರನೇ ಸಲ ಹೊಂಟ್ಳು. ಎದುರಿಗೆ ಒಬ್ಬಾಕಿ ಖಾಲಿ ಕೊಡ ಹಿಡಕೊಂಡು ಬಂದ್ಳು. ನೀರಿಗೆ ಹೋಗಾಕಿ ತುಂಬಿದ ಕೊಡ ಒಯ್ತಾಳೇನು? ಇರ್ಲಿ, ಸಾತವ್ವ ಮತ್ತ ಕುಂತ್ಳು. ಗಂಟು ಸರಕೋತ ಸರಕೋತ ಅಗಸಿ ಬಾಗಲಿನ ಕಡೀ ಮನಿ, ಕುಂಬಾರ ಈರವ್ವನ ಮನಿ ಸೇರ್ತು.

ನೋಡ್ರಿ ಚಂದ! ಗಂಟು ಅಗಸಿ ಮುಟ್ತು, ಗಂಟಿನಾಕಿ ಇನ್ನ ಅಡಗಿ ಮನ್ಯಾಗ. ಅತ್ತ ಮಗಳು ಬಾಗಲ ಕಟ್ಟಿ ಮ್ಯಾಲ ಕುಂತು, ಹೊಟ್ಟಿ ಹಿಡಕೊಂಡು ದಾರಿ ನೋಡಾಕತ್ತಿದ್ಳು.

ಮುಂದೇನಾತು? ಒಂದು ಮುಂಜಾನಿ ಈರವ್ವನ ಮನಿ ಮುಂದ ಲಾಲಸಾಬನ ಉಪ್ಪಿನ ಬಂಡಿ ಬಂತು. ಹೊಳಿ ಆಚಿ ಊರಿಗೇ ಹೊಂಟಿತ್ತು. ಈರವ್ವ ಬಾಳ ಕರುಳಿನಾಕಿ. "ಪಾಪ, ಸಾತಕ್ಕ ಇಷ್ಟು ಭಾರ ಹೊತ್ತು ಹೆಂಗ ನಡೀತಾಳ? ಇವತ್ತಂತೂ ಹೊಂಟ ಹೊಂಡ್ತಾಳ, ಗಂಟು ಮುಂದ ಹೋಗಿರಲಿ," ಅಂತ ಉಪ್ಪಿನ ಚೀಲದ ನಡುವ ಗಂಟು ತುರುಕಿದ್ಳು. "ಅಣ್ಣಾ, ಇದನ್ನ ಹೂವಕ್ಕನ ಬಾಗಲಿಗೆ ಇಳಿಸು," ಅಂದ್ಳು. ಲಾಲಸಾಬ ಮಾತು ಕಡಿಮಿ ಮನಿಷಾ. ಯಾರ ಗಂಟು ಅಂತ ಕೇಳಲಿಲ್ಲ. ಹೂಂ ಅಂದ, ಬಂಡಿ ಹೊಡದ.

ಬಿಸಿಲು ಏರಿದ ಮ್ಯಾಲ ಸಾತವ್ವ ಬಂದ್ಳು. "ಈರವ್ವಾ, ನನ್ನ ಗಂಟು ಎಲ್ಲೈತಿ?"

"ಹೊಂಟು ಹೋತಲ್ಲಕ್ಕಾ, ಉಪ್ಪಿನ ಬಂಡ್ಯಾಗ!"

"ಅಯ್ಯ ನನ ಶಿವನ! ಸೂಜಿ ಅದರಾಗ, ರೊಟ್ಟಿ ಅದರಾಗ, ಹಗ್ಗ ಅದರಾಗ! ನಾ ಇನ್ನ ಹೆಂಗ ಹೋಗ್ಲಿ? ಮನಿಗೆ ಹೋಗಿ ಇನ್ನೊಂದು ಗಂಟು ಕಟ್ಟಿಕೊಂಡು ಬರ್ತೀನಿ."

"ಮನಿಗೆ ಹೆಂಗ ಹೋಗ್ತಿ?" ಅಂದ್ಳು ಈರವ್ವ. "ಗಂಟು ಹೊಂಟಮ್ಯಾಲ ನೀನೂ ಹೊಂಟಂಗ ಅಲ್ಲೇನು?"

ನೇಮ ಹಿಡದಾಕಿನ ನೇಮಕ್ಕ ಸಿಕ್ಕೊಂಡ್ಳು. ಸಾತವ್ವ ಹಿಂದ ನೋಡಿದ್ಳು, ಮುಂದ ನೋಡಿದ್ಳು. ಉಟ್ಟ ಸೀರಿ ಮ್ಯಾಲ ಅಗಸಿ ದಾಟಿ ಬಂಡಿ ಹಿಂದ ಓಡಿದ್ಳು.

ಓಡಿದ್ರ ದಾರಿ ಸುಮ್ಮನ ಬಿಡ್ತೈತೇನು? ಒಂದು ಹರದಾರಿ ಹೋಗೂದ್ರಾಗ ಚಪ್ಪಲಿ ಉಂಗುಟ ಕಿತ್ತು ಹೋತು. ಸೂಜಿ ಇಲ್ಲ, ದಾರ ಇಲ್ಲ. ಸಾತವ್ವ ಕುಂತು ಅತ್ತಳು. ಅತ್ತರ ಚಪ್ಪಲಿ ಕೂಡೀತೇನು? ಕಡೀಕ ಸೆರಗಿನ ಅಂಚು ಹಲ್ಲಿಲೆ ಕಚ್ಚಿ ಹರದು, ಅದನ್ನ ಬಿಗದು ಕಟ್ಟಿದ್ಳು. ಎದ್ದು ನಡದು ನೋಡಿದ್ರ ನಡದ ನಡೀತು. "ಅರೆ!" ಅಂದ್ಳು. ತಲಿ ಎತ್ತಿ ನೋಡಿದ್ರ ಎರಡೂ ಕಡೆ ಕುಸುಬಿ ಹೊಲ, ಕಣ್ಣು ಕುಕ್ಕೂವಂಥಾ ಹಳದಿ. ಅದರ ನಡುವ ಚಿಗರಿ ಹಿಂಡು ಪುಟಾಪುಟಾ ಜಿಗಕೋತ ಹೋತು. ತಲಿ ಮ್ಯಾಲ ಗಂಟಿದ್ದಿದ್ರ ಇದನ್ನೆಲ್ಲಾ ನೋಡ್ತಿದ್ಳೇನು? ಒಂದು ಕ್ಷಣ ಚಿಂತಿ ಮರತು ನಿಂತ್ಳು. ಮತ್ತ ಗಂಟು ನೆನಪಾತು, ಮತ್ತ ಓಡಿದ್ಳು.

ಮುಂದ ಒಂದು ಆಲದ ಮರ, ಒಂದು ಬಾವಿ. ಬಾವಿ ಕಟ್ಟಿ ಮ್ಯಾಲ ಚುರಮುರಿ ಮಾರೋ ಒಬ್ಬ ಮುದುಕಿ.

"ಆಯೀ, ಉಪ್ಪಿನ ಬಂಡಿ ನೋಡಿದ್ಯಾ?"

"ನೋಡ್ದೆ ಮಗಳ, ಆಗಳೇ ಹೋತು. ಬಣ್ಣಬಣ್ಣದ ಕೌದಿ ಗಂಟು ಒಂದು ಇತ್ತು ನೋಡು ಅದರಾಗ. ನೋಡಿ ಕೈ ಮುಗದೆ. ಯಾರೋ ಪಾಪ, ದಾರ್ಯಾಗ ತೀರಿಕೊಂಡಾರ."

"ತೀರಿಕೊಂಡಾರ?" ಅಂದ್ಳು ಸಾತವ್ವ.

"ಮತ್ತೇನು? ಮನಿಷಾ ಇಲ್ಲದ ಬರೇ ಗಂಟು ಹೊಂಡೂದು ಯಾವಾಗ? ದಾರ್ಯಾಗ ಸತ್ತವರನ್ನ ದಾರ್ಯಾಗ ಮಣ್ಣು ಮಾಡಿ, ಗಂಟಷ್ಟ ಮನಿಗೆ ಕಳಸ್ತಾರಲ್ಲ. ಈ ಸೀಮಿ ಪದ್ಧತಿ ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಯಾಕ ಗೊತ್ತಿರೂದಿಲ್ಲ? ಆ ಸೀಮ್ಯಾಗ ಸಣ್ಣ ಹುಡುಗರಿಗೂ ಗೊತ್ತಿದ್ದ ಮಾತು. ಸಾತವ್ವ ಬಂಡಿ ಹೋದ ದಾರಿ ನೋಡಿದ್ಳು. ಮಗಳು ಕಟ್ಟಿ ಮ್ಯಾಲ ಕುಂತಿರ್ತಾಳ. ಬಂಡಿ ಬರ್ತೈತಿ. ಗಂಟು ಇಳೀತೈತಿ. ಕೌದಿ ನೋಡಿದ ಕೂಡಲೇ ಗುರುತು ಹಿಡೀತಾಳ. ಗಂಟು ಬಂತು, ಅವ್ವ ಬರಲಿಲ್ಲ ಅಂದ್ರ ತುಂಬಿದ ಬಸುರಿ ಏನು ತಿಳೀತಾಳ? ಒಂದು ಕೂಸು ಕಳಕೊಂಡಾಕಿ, ಇನ್ನೊಂದು ಹೊಟ್ಟ್ಯಾಗ ಇಟಗೊಂಡಾಕಿ, ಎದಿ ಒಡದು ಬಿದ್ರ?

ಇಷ್ಟೊತ್ತನಕ ಸಾತವ್ವಗ ಇದ್ದದ್ದು ಗಂಟಿನ ಚಿಂತಿ. ಈಗ ಬಂದದ್ದು ಮಗಳ ಚಿಂತಿ. ಎರಡಕ್ಕೂ ಎಷ್ಟು ಫರಕು ಐತಿ ಅನ್ನೂದು ಹಡದವರನ್ನ ಕೇಳ್ರಿ.

ಅಕಿ ಬಾಯಾಗ ಉಗುಳಿರಲಿಲ್ಲ. ಹೊಟ್ಟಿ ಬೆನ್ನಿಗೆ ಹತ್ತಿತ್ತು. ಹುಟ್ಟಿದಾಗಿಂದ ಒಬ್ಬರ ಮುಂದ ಕೈ ಚಾಚದಾಕಿ ಅವತ್ತ ಚಾಚಿದ್ಳು. "ಆಯೀ, ಗುಟುಕು ನೀರು, ಹಿಡಿ ಚುರಮುರಿ ಕೊಡ್ತೀಯೇನು? ತಿರುಗಿ ಕೊಡಾಕ ನನ್ನ ಕಡೆ ಏನೂ ಇಲ್ಲ. ಆ ಗಂಟು ನಂದು. ನಾ ಸತ್ತಿಲ್ಲ."

ಮುದುಕಿ ಮೊದಲ ಕಣ್ಣು ಬಿಟ್ಳು, ಆಮ್ಯಾಲ ಬಾಯಿ ತುಂಬ ನಕ್ಕಳು. "ಸತ್ತಾಕಿ ಚುರಮುರಿ ಕೇಳ್ತಾಳೇನ? ಬಾಯಿದ್ದವ ಬರಗಾಲದಾಗೂ ಬದುಕಿದ. ಉಡಿ ಒಡ್ಡು!" ಅಂತ ಉಡಿ ತುಂಬ ಹಾಕಿದ್ಳು, ಮ್ಯಾಲ ಒಂದು ಹಸಿ ಮೆಣಸಿನಕಾಯಿ ಇಟ್ಳು. "ಕೇಳಿಲ್ಲಿ. ಬಂಡಿ ಸುತ್ತು ಹಾಕಿ ಮ್ಯಾಲಿನ ಕಲ್ಲುದಾರಿಗೆ ಹೊಳಿ ದಾಟ್ತೈತಿ. ನೀ ನೆಟ್ಟಗ ಹೋಗು. ಹರಗೋಲು ಐತಿ."

ಹರಗೋಲು! ಸಾತವ್ವ ಹೊಳಿ ದಂಡ್ಯಾಗ ನಿಂತು ನೋಡಿದ್ರ, ಚರ್ಮ ಬಿಗದ ಒಂದು ಬುಟ್ಟಿ ನೀರಿನ ಮ್ಯಾಲ ಗಿರಗಿರ ತಿರಗಾಕತ್ತೈತಿ. ಅದರಾಗ ಅಂಬಿಗರ ಹುಲಗಪ್ಪ.

"ಯವ್ವಾ, ಈಜು ಬರ್ತೈತೇನು?" ಅಂದ.

"ಇಲ್ಲೋ ತಮ್ಮಾ."

"ನನಗೂ ಬರೂದಿಲ್ಲ. ಹತ್ತು."

"ಅಯ್ಯೋ! ಮುಳುಗಿದ್ರ?"

"ಮುಳುಗಿದ್ರ ಇಬ್ಬರೂ ಕೂಡಿ ಮುಳುಗೂಣು, ಒಬ್ಬಾಕಿಗೇ ಬ್ಯಾಸರ ಆಗೂದಿಲ್ಲ," ಅಂತ ನಕ್ಕ. ನಕ್ಕಿದ್ದು ನೋಡಿದ್ರ ಗೊತ್ತಾಗ್ತಿತ್ತು, ಮೀನಿನಂಗ ಈಜಾಂವ ಅಂವ.

ಮಗಳ ಹೆರಿಗಿಗೆ ಹೊಂಟೀನಿ, ಕೊಡಾಕ ಏನಿಲ್ಲಪ್ಪ ಅಂತ ಸಾತವ್ವ ಕೈ ಮುಗದ್ಳು. "ಮೊಮ್ಮಗು ಹುಟ್ಟಿದಾಗ ಸಕ್ರಿ ಹಂಚುವಾಗ ನನ್ನ ಮರೀಬ್ಯಾಡ," ಅಂದ ಹುಲಗಪ್ಪ. ಕಣ್ಣು ಮುಚ್ಚಿ ಹತ್ತಿ ಕುಂತ್ಳು. ಹರಗೋಲು ತಿರುಗಿತು. ಆಕಾಶ ತಿರುಗಿತು, ದಂಡಿ ತಿರುಗಿತು, ಹೊಟ್ಟ್ಯಾಗಿನ ಚುರಮುರಿನೂ ತಿರುಗಿತು. ನೀರಿಗಿಳಿದವಗ ಚಳಿ ಏನು, ಮಳಿ ಏನು? ನಡು ಹೊಳ್ಯಾಗ ಕಣ್ಣು ಬಿಟ್ಳು. ನೀರು ಮಾರಿಗೆ ಸಿಡೀತು. ಸಾತವ್ವ ನಕ್ಕಳು! ಸಣ್ಣ ಹುಡುಗಿ ಜೋಕಾಲಿ ಮ್ಯಾಲ ನಗತಾಳಲ್ಲ, ಹಂಗ. ನಕ್ಕ ಮರುಕ್ಷಣ ಮಗಳ ನೆನಪಾಗಿ, "ಜಲ್ದಿ ಹೊಡಿಯೋ ತಮ್ಮಾ, ಜಲ್ದಿ ಹೊಡಿ!" ಅಂತ ಅತ್ತಳು.

ದಂಡಿ ಮುಟ್ಟಿದಾಕಿನ ಬಿದ್ದು ಎದ್ದು ಓಡಿದ್ಳು. ಊರು ಬಂತು. ಕೇಳಕೋತ ಕೇಳಕೋತ ಮಗಳ ಓಣಿ ಬಂತು. ಓಣಿ ಆ ತುದೀಗೆ ನೋಡ್ತಾಳ, ಉಪ್ಪಿನ ಬಂಡಿ ಮಗಳ ಬಾಗಲ ಮುಂದ ನಿಂತೈತಿ! ಲಾಲಸಾಬ ಗಂಟು ಎತ್ತಿ ಕಟ್ಟಿ ಮ್ಯಾಲ ಇಡಾಕತ್ಯಾನ. ಹೂವಕ್ಕ ಎದ್ದು ನಿಂತಾಳ. ಕೌದಿ ಮ್ಯಾಲ ಕೈ ಇಟ್ಟಾಳ. ತನ್ನ ಸಣ್ಣಂದಿನ ಪರಕಾರದ ತುಣುಕು ಮುಟ್ಟಿ ನೋಡ್ಯಾಳ.

"ಇದು ನಮ್ಮವ್ವನ ಗಂಟು. ನಮ್ಮವ್ವ ಎಲ್ಲಿ?"

"ನನಗೇನ್ ಗೊತ್ತವ್ವಾ," ಅಂದ ಲಾಲಸಾಬ. "ಬಂಡ್ಯಾಗ ಹಾಕಿದ್ರು, ತಂದೆ."

ಹೂವಕ್ಕನ ಮಾರಿ ಬಿಳಚಿಕೊಂತು. ಗ್ವಾಡಿ ಹಿಡಕೊಂಡು ಕುಸದ್ಳು.

ಇತ್ತ ಸಾತವ್ವ ಓಡಬೇಕು, ಒಂದು ಕರೀ ಬೆಕ್ಕು ಅಡ್ಡ ಬಂತು. ಏನು ಮಾಡಿದ್ಳು? ಜಿಗದು ದಾಟಿದ್ಳು! ಎದುರಿಗೆ ಒಬ್ಬಾಕಿ ಖಾಲಿ ಕೊಡ ಹಿಡಕೊಂಡು ಬಂದ್ಳು. "ಸರಿಯ ತಂಗೀ, ಸರೀ!" ಅಂತ ತಳ್ಳಿಕೊಂಡು ಓಡಿದ್ಳು. ಏ ಹುಡುಗಾ, ಮತ್ತ ಸೀನು ಎಲ್ಲಿ ಅಂತೀಯಾ? ತಡೀ, ಅದೂ ಬರ್ತೈತಿ. ನೀನೂ ಸಾತವ್ವನಂಗ ಗಾಬರಿ ಆಗಬ್ಯಾಡ.

"ಹೂವೀ! ನಾ ಇದ್ದೀನೇ! ನನ್ನ ಗಂಟಿಗೆ ಗಡಿಬಿಡಿ, ಮುಂದ ಬಂತು. ನಾ ಇದ್ದೀನಿ ಮಗಳ!"

ಹೂವಕ್ಕ ತಲಿ ಎತ್ತಿದ್ಳು. ತಲಿ ಕೆದರಿದಾಕಿ, ಸೆರಗು ಹರಕೊಂಡಾಕಿ, ಮೊಣಕಾಲ ಮಟ ತೊಯ್ದಾಕಿ, ಉಡ್ಯಾಗ ನಾಕು ಕಾಳು ಚುರಮುರಿ ಉಳಿಸಿಕೊಂಡಾಕಿ, ಅವ್ವ! ಇಬ್ಬರೂ ಅಪ್ಪಿಕೊಂಡು ಅತ್ತರು. ಲಾಲಸಾಬ ಅತ್ತ ತಿರುಗಿ ಎತ್ತಿನ ಮೈ ತಿಕ್ಕಿದ.

ಸಾತವ್ವ ನಾಚಿ ಕೈ ಅಗಲಿಸಿ ತೋರಿಸಿದ್ಳು. "ನೋಡವ್ವಾ, ಬರಿಗೈಲೆ ಬಂದೆ."

ಹೂವಕ್ಕ ಆ ಎರಡೂ ಕೈ ಹಿಡಕೊಂಡ್ಳು. "ನಾ ಕೇಳಿದ್ದು ಇವನ್ನ ಅಲ್ಲೇನವ್ವಾ?"

ಅವತ್ತ ಹೊತ್ತು ಮುಳುಗೂದ್ರಾಗ ನೋವು ಹತ್ತಿದವು. ಆ ಎರಡು ಕೈ ಬಿಡಲಿಲ್ಲ ಹೂವಕ್ಕ. ಹೆಣ್ಣು ಕೂಸು ಹುಟ್ತು, ಓಣಿಗೆಲ್ಲಾ ಕೇಳೂವಂಗ ಅತ್ತಿತು. ಸಾತವ್ವಗ ಗಂಟು ನೆನಪಾದದ್ದು ಯಾವಾಗ? ಕೂಸಿಗೆ ಕುಲಾಯಿ ಬೇಕಾದಾಗ.

ಬಾಣಂತನ ಮುಗೀತು. ಸಾತವ್ವ ತಿರುಗಿ ಊರಿಗೆ ಹೊಂಟ್ಳು. ದಾರ್ಯಾಗ ಹುಲಗಪ್ಪಗೂ ಆ ಮುದುಕಿಗೂ ಕೊಡಾಕ ಸಕ್ರಿ ಕಟಗೊಂಡ್ಳು. ಮಗಳು ಕೇಳಿದ್ಳು, "ಅವ್ವಾ, ಪ್ರಸ್ಥಾನ ಎಲ್ಲಿ ಇಡೂಣು?"

"ನನ್ನ ತಲಿ ಮ್ಯಾಲ," ಅಂದ್ಳು ಸಾತವ್ವ. ಗಂಟು ಎತ್ತಿ ತಲಿ ಮ್ಯಾಲ ಇಟಗೊಂಡ್ಳು. ಹೊಸ್ತಿಲ ದಾಟಾಕ ಒಂದು ಕಾಲು ಎತ್ತಿದ್ಳು. ಅಷ್ಟರಾಗ ತೊಟ್ಟಿಲದಾಗಿನ ಕೂಸು, "ಆಕ್ಷೀ!"

ಒಂಟಿ ಸೀನು.

ಮನ್ಯಾಗ ಎಲ್ಲಾರೂ ಸಾತವ್ವನ ಎತ್ತಿದ ಕಾಲು ನೋಡಿದ್ರು. ಸಾತವ್ವ ತೊಟ್ಟಿಲ ಕಡೆ ಹೊರಳಿ, "ನೂರು ವರ್ಷ ಬಾಳು ನನ ಬಂಗಾರ!" ಅಂದು, ಆ ಕಾಲನ್ನ ಹೊಸ್ತಿಲ ಹೊರಗ ಇಟ್ಳು.

ಅಕಿ ಗಂಟು ಅಕಿ ಊರಿಗೆ, ನನ್ನ ಗಂಟು ನಿಮ್ಮ ಕಿವಿಗೆ. ಭಾರ ಆತಂದ್ರ ದಾರ್ಯಾಗ ಕಂಡವರಿಗೆ ಬಿಚ್ಚಿ ಹಂಚ್ರಿ. ಇನ್ನ ಏಳ್ರಿ, ಆ ಶೇಂಗಾ ಸಿಪ್ಪಿ ಬಳದು ಹೋಗ್ರಿ.