ಸೋರಿಹೋದ ವಿಳಾಸ

ಬೀದಿಯವರೆಲ್ಲ ಕನ್ನಡಕದ ಅಕ್ಕ ಎಂದು ಕರೆಯುವ ನಾನು, ವಯಸ್ಸು 38, ಕನ್ನಡಕದ ಅಂಗಡಿಯಲ್ಲಿ ಕೆಲಸ, ವಾಸ ಅಂಚೆ ಕಚೇರಿ ಹಿಂದಿನ ರಸ್ತೆ, ಮೂರನೇ ಮಹಡಿ, ಠಾಣೆಗೆ ಖುದ್ದು ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ಗಂಡ ಹೊಡೆದು ನನ್ನ ಕೈ ಮುರಿದ ಮೇಲೆ, ಆರು ವರ್ಷದ ಹಿಂದೆ, ಮಗಳನ್ನು ಕರೆದುಕೊಂಡು ಊರು ಬಿಟ್ಟೆನು. ಆತ ನನ್ನ ಹತ್ತಿರ ಸುಳಿಯಬಾರದೆಂದು ನ್ಯಾಯಾಲಯದ ಆದೇಶವಿರುತ್ತದೆ. ಹೊಸ ವಿಳಾಸವನ್ನು ಒಡಹುಟ್ಟಿದ ಅಣ್ಣನಿಗೂ ಹೇಳಿರಲಿಲ್ಲ. ಕಳೆದ ವರ್ಷ ವಾಷಿಂಗ್ ಮೆಷಿನ್ ಅನ್ನು ಕಂತಿನಲ್ಲಿ ಕೊಂಡಾಗ ಮಾತ್ರ ಸಾಲದ ಅರ್ಜಿಯಲ್ಲಿ ಬರೆದುಕೊಟ್ಟಿದ್ದೆನು. ಅಲ್ಲಿಂದ ಅದು, ಸಾಲ ತೆಗೆದುಕೊಂಡವರ ವಿವರಗಳನ್ನೆಲ್ಲ ಕೂಡಿಡುವ ಕ್ರೆಡಿಟ್ ಮಾಹಿತಿ ಕಂಪನಿಗೆ ಹೋಗಿರುವುದು ನನಗೆ ತಿಳಿದಿರಲಿಲ್ಲ.

ಹೋದ ತಿಂಗಳು ಆ ಕಂಪನಿಯಿಂದ ಮೆಸೇಜ್ ಬಂತು. ತಮ್ಮ ಕಂಪ್ಯೂಟರಿಗೆ ಯಾರೋ ಕನ್ನ ಹಾಕಿ ನನ್ನ ವಿಳಾಸವೂ ಸೇರಿದಂತೆ ವಿವರ ಕದ್ದಿದ್ದಾರೆ, ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದಿತ್ತು. ಫೋನ್ ಮಾಡಿ, ಪಾಸ್‌ವರ್ಡೇನೋ ಬದಲಿಸುತ್ತೇನೆ, ಮನೆ ಹೇಗೆ ಬದಲಿಸಲಿ ಎಂದು ಕೇಳಿದೆನು. ಆ ಕಡೆಯ ಹುಡುಗಿ ನನ್ನ ದೂರನ್ನು ದಾಖಲಿಸಿಕೊಂಡಿರುವುದಾಗಿ ತಿಳಿಸಿದಳು.

ನಿನ್ನೆ ಮಧ್ಯಾಹ್ನ 3-40ಕ್ಕೆ ಬಾಗಿಲು ಬಡಿದ ಸದ್ದಾಯಿತು. ಕಿಂಡಿಯಲ್ಲಿ ನೋಡಲಾಗಿ ನನ್ನ ಅತ್ತೆ ನಿಂತಿದ್ದರು. ಎರಡು ಕಾಲಿಗೆ ಎರಡು ತರದ ಚಪ್ಪಲಿ. ಅವರು ಬಾಗಿಲಿಗೆ ಮುಖವಿಟ್ಟು, “ತೆಗಿಯಮ್ಮ, ನಾನೊಬ್ಳೇ ಇದೀನಿ. ಅವನು ಯಾರಿಗೋ ದುಡ್ಡು ಕೊಟ್ಟು ನಿನ್ನ ವಿಳಾಸ ತರಿಸ್ಕೊಂಡಿದಾನೆ. ಸಂಜೆ ಬರ್ತಾನೆ. ಮಗೂನ ಕರ್ಕೊಂಡು ಹೊರಡು” ಎಂದರು. ನನ್ನ ಕೈ ಮುರಿದ ದಿನ ಪಕ್ಕದ ಕೋಣೆಯಲ್ಲಿದ್ದೂ ಹೊರಬರದಿದ್ದವರು ಇವರೇ. ಆದರೂ ತೆಗೆದೆನು.

ಮಗಳನ್ನು ಕೆಳಗಿನ ಮನೆಯ ಟೀಚರ್ ಬಳಿ ಬಿಟ್ಟು ಬಂದು ಠಾಣೆಗೆ ಫೋನ್ ಮಾಡಿದೆನು. ಸಂಜೆಗೂ ಕಾಯದೆ ಆತ ಮೆಟ್ಟಿಲೇರಿ ಬರುವ ಸದ್ದಾಯಿತು. ಅತ್ತೆ ನನ್ನನ್ನು ಒಳಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿ ಬಾಗಿಲಿಗೆ ಅಡ್ಡ ನಿಂತರು. “ಅಮ್ಮ, ದಾರಿ ಬಿಡು. ಇದು ಗಂಡ ಹೆಂಡ್ತಿ ವಿಷಯ” ಎಂದು ಆತ ಕೂಗಿದ್ದು ಕೇಳಿಸಿತು.

“ಅವತ್ತೂ ಹಾಗನ್ಕೊಂಡೇ ಒಳಗೆ ಕೂತಿದ್ದೆ ಕಣೋ. ಇವತ್ತು ಬಿಡಲ್ಲ” ಎಂದರು ಅತ್ತೆ.

ನಿಮ್ಮ ಸಿಬ್ಬಂದಿ ಬಂದು ಆತನನ್ನು ಹಿಡಿಯುವವರೆಗೂ ಅವರು ಕದಲಲಿಲ್ಲ. ಚಿಲಕ ತೆಗೆದಾಗ ಅವರ ತುಟಿ ಒಡೆದಿತ್ತು.

ಈ ದಿನ ಅತ್ತೆಯ ಹೇಳಿಕೆ ಬರೆದುಕೊಳ್ಳುವಾಗ ಪೇದೆಯವರು ಅವರ ವಾಸಸ್ಥಳ ಕೇಳಿದರು. ಅವರು ಮಗನ ಮನೆ ಎನ್ನಲು ಹೋಗಿ ಬಾಯಿ ಮುಚ್ಚಿಕೊಂಡರು. ನನ್ನ ಮನೆಯನ್ನೇ ಬರೆದುಕೊಳ್ಳಿ ಎಂದು ನಾನು ಹೇಳಿದೆನು.

ಗಂಡನ ಮೇಲೂ, ನನ್ನ ವಿವರ ಕಾಯದ ಕಂಪನಿಯ ಮೇಲೂ ಕ್ರಮ ಕೈಗೊಳ್ಳಲು ಕೋರುತ್ತೇನೆ. ನಾವು ಮೂವರೂ ಬೇರೆ ಮನೆಗೆ ಹೋದ ಮೇಲೆ ವಿಳಾಸವನ್ನು ನಾನೇ ಬಂದು ಬಾಯಲ್ಲಿ ಹೇಳುತ್ತೇನೆ. ದಯವಿಟ್ಟು ಯಾವ ಕಂಪ್ಯೂಟರಿಗೂ ಹಾಕಬೇಡಿ.

ನಾನು ಹೇಳಿದ್ದನ್ನು ಬರೆದು ಓದಿ ಕೇಳಿಸಿದ್ದಾರೆ. ನಡೆದದ್ದು ಹೀಗೆಯೇ.

ಸ್ಥಳ: ಠಾಣೆ
ದಿನಾಂಕ: 14, ಬುಧವಾರ
(ಸಹಿ)