ಎರಡು ತುಂಡಾದ ರಾಡಿನ ಬಗ್ಗೆ ಕಬ್ಬಿಣದಕ್ಕನ ಹೇಳಿಕೆ

ಪರದೆ ಹೊಲಿಯುವ ಕೆಲಸ ಮಾಡುವ, ಓಣಿಯಲ್ಲಿ ಎಲ್ಲರೂ ‘ಕಬ್ಬಿಣದಕ್ಕ’ ಎಂದು ಕರೆಯುವ, ಐವತ್ತೇಳು ವರ್ಷ ವಯಸ್ಸಿನ, ನೀರಿನ ಟ್ಯಾಂಕಿನ ಹಿಂದಿನ ಅಡ್ಡರಸ್ತೆಯ ಕೊನೆಯ ಮನೆಯಲ್ಲಿ ಗಂಡನೊಂದಿಗೆ ವಾಸವಾಗಿರುವ ನಾನು ಠಾಣೆಗೆ ಖುದ್ದಾಗಿ ಬಂದು, ಯಾರೂ ಹೇಳಿಕೊಡದೆ, ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮೈದುನ, ಅಂದರೆ ನನ್ನ ಗಂಡನ ತಮ್ಮ, ನಿನ್ನೆ ಸಂಜೆ ಇದೇ ಠಾಣೆಗೆ ಬಂದು ದೂರು ಕೊಟ್ಟಿದ್ದಾನೆ. ಗುಜರಿ ಅಂಗಡಿಯಲ್ಲಿ ನಾಲ್ಕು ಜನರೆದುರು ನಾನು ಅವನನ್ನು ಎತ್ತಿ ತೂಕದ ಯಂತ್ರದ ಮೇಲೆ ಇಟ್ಟು ಮಾನ ಕಳೆದೆನೆಂದು ಬರೆಸಿದ್ದಾನೆ. ಎತ್ತಿದ್ದು ನಿಜ, ಇಟ್ಟಿದ್ದೂ ನಿಜ. ಯಾಕೆ ಎತ್ತಿದೆ ಎಂಬುದನ್ನು ಅವನು ಬರೆಸಿಲ್ಲ, ಆದ್ದರಿಂದ ನಾನು ಬರೆಸುತ್ತಿದ್ದೇನೆ.

ನನ್ನ ಗಂಡ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದರು. ಹದಿನೆಂಟು ವರ್ಷದ ಹಿಂದೆ ಮೂರನೇ ಮಹಡಿಯಿಂದ ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. ಬಲ ಭುಜವೂ ಮುರಿದು ಸರಿಯಾಗಿ ಕೂಡಲಿಲ್ಲವಾದ್ದರಿಂದ ತಮ್ಮ ಭಾರ ತಾವು ಹೊರಲಾರರು. ತಲೆ ಮತ್ತು ಬಾಯಿ ಚೆನ್ನಾಗಿವೆ, ಬಾಯಿ ಸ್ವಲ್ಪ ಹೆಚ್ಚೇ ಚೆನ್ನಾಗಿದೆ. ಹಾಸಿಗೆಯಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಅಲ್ಲಿಂದ ಮತ್ತೆ ಹಾಸಿಗೆಗೆ ಅವರನ್ನು ಎತ್ತುವವಳು ನಾನೊಬ್ಬಳೇ. ಆಸ್ಪತ್ರೆಯಿಂದ ಕಳಿಸುವಾಗ ಅಲ್ಲಿನ ಫಿಸಿಯೋಥೆರಪಿ ಮೇಡಂ, ಹೀಗೇ ಬಗ್ಗಿ ಎತ್ತುತ್ತಾ ಹೋದರೆ ವರ್ಷದೊಳಗೆ ನನ್ನ ಬೆನ್ನೂ ಹೋಗುತ್ತದೆ, ಆಮೇಲೆ ಮನೆಯಲ್ಲಿ ಇಬ್ಬರು ಮಲಗಬೇಕಾಗುತ್ತದೆ ಎಂದು ಹೇಳಿದ್ದರು.

ಆ ಮಾತಿಗೆ ಹೆದರಿ ನಾನು ಬಸ್ ಡಿಪೋ ಎದುರಿನ ವ್ಯಾಯಾಮಶಾಲೆಗೆ ಹೋದೆ. ಅಲ್ಲಿನ ಮೇಷ್ಟ್ರು ಮೊದಲು ನಕ್ಕರು, ಆಮೇಲೆ ಕಲಿಸಿದರು. ಎರಡು ವರ್ಷದ ನಂತರ ಅವರು ವ್ಯಾಯಾಮಶಾಲೆ ಮುಚ್ಚುವಾಗ ಒಂದು ಉದ್ದನೆಯ ರಾಡು, ಕಬ್ಬಿಣದ ಪ್ಲೇಟುಗಳು, ಒಂದು ಬೆಂಚು ಮತ್ತು ರಾಡು ಇಡುವ ಜೋಡಿ ಸ್ಟ್ಯಾಂಡು ನನಗೇ ಮಾರಿದರು. ಸರಿಯಾಗಿ ನೋಡಿಕೊಂಡರೆ ಇವು ನನಗಿಂತ ಹೆಚ್ಚು ಕಾಲ ಬಾಳುತ್ತವೆ ಎಂದೂ ಹೇಳಿದರು. ನಾನು ಪರದೆ ಹೊಲಿದ ಹಣದಲ್ಲಿ ಕೊಂಡದ್ದು. ಗಂಡನದಾಗಲಿ, ಗಂಡನ ಮನೆಯವರದಾಗಲಿ ಅದರಲ್ಲಿ ಒಂದು ನಟ್ಟೂ ಇಲ್ಲ.

ಸರಿಯಾಗಿ ನೋಡಿಕೊಂಡಿದ್ದೇನೆ. ಪ್ರತಿ ಸಲ ಎತ್ತಿದ ಮೇಲೆ ರಾಡಿನ ಮೇಲಿನ ಬೆವರು ಒರೆಸಿಯೇ ಕಾಫಿ ಕುಡಿಯುವುದು. ರಾಡಿನ ಎರಡು ತುದಿಗಳು ಹಗುರಾಗಿ ತಿರುಗಬೇಕು, ಅಲ್ಲಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡೇ ಹನಿ ಬಿಡುತ್ತೇನೆ. ಕೈ ಹಿಡಿಯುವ ಜಾಗಕ್ಕೆ ಎಣ್ಣೆ ತಾಕಿಸುವುದಿಲ್ಲ, ತಂತಿ ಬ್ರಷ್ಷಿನಲ್ಲಿ ಉಜ್ಜುತ್ತೇನೆ. ಬೆಂಚಿನ ಹೊದಿಕೆ ಮೂರು ಸಲ ಹರಿಯಿತು, ಮೂರು ಸಲವೂ ಪರದೆಗೆ ತಂದ ದಪ್ಪ ಬಟ್ಟೆಯಲ್ಲಿ ನಾನೇ ಹೊಲಿದೆ. ಕೆಳಗೆ ಹಳೇ ಟೈರಿನ ರಬ್ಬರು ಹಾಸಿದ್ದರಿಂದ ನೆಲದ ಒಂದು ಟೈಲೂ ಒಡೆದಿಲ್ಲ. ತುಕ್ಕು ಎಂಬುದು ಅದರ ಹತ್ತಿರ ಸುಳಿದಿಲ್ಲ. ಇದನ್ನು ಒತ್ತಿ ಹೇಳುತ್ತಿರುವ ಕಾರಣ, ನನ್ನ ಮೈದುನ ತನ್ನ ದೂರಿನಲ್ಲಿ ‘ತುಕ್ಕು ಹಿಡಿದ ಹಳೇ ಸಾಮಾನು’ ಎಂದು ಬರೆಸಿರುವುದು. ತುಕ್ಕು ಹಿಡಿದಿರುವುದು ಬೇರೆ ಕಡೆ.

ಪ್ರತಿ ಭಾನುವಾರ ಬೆಳಿಗ್ಗೆ ರಾಡಿಗೆ ನನ್ನ ಗಂಡನ ತೂಕಕ್ಕಿಂತ ಏಳು ಕಿಲೋ ಹೆಚ್ಚಿಗೆ ಪ್ಲೇಟು ಹಾಕಿ ಐದು ಸಲ ನೆಲದಿಂದ ಎತ್ತುತ್ತೇನೆ. ಭಾನುವಾರ ಅದು ಎದ್ದಿತು ಎಂದರೆ ಆ ವಾರವೆಲ್ಲ ಅವರನ್ನು ನಾನು ಬೀಳಿಸುವುದಿಲ್ಲ ಎಂದು ಲೆಕ್ಕ. ಅವರು ಹಾಸಿಗೆಯಿಂದಲೇ, ಹಿಂದಿನ ಕೋಣೆಯ ಬಾಗಿಲಿನೊಳಗೆ ನೋಡುತ್ತಾ ಎಣಿಸುತ್ತಾರೆ. ನಾಲ್ಕಾದ ಮೇಲೆ ಬೇಕೆಂದೇ ಮತ್ತೆ ಮೂರು ಎಂದು ನನ್ನನ್ನು ರೇಗಿಸುತ್ತಾರೆ. ಹದಿನೆಂಟು ವರ್ಷದಲ್ಲಿ ಒಂದು ಸಲವೂ ಅವರನ್ನು ಕೈಬಿಟ್ಟಿಲ್ಲ.

ಕಳೆದ ಸೋಮವಾರ ನಾನು ಒಂದು ಹೋಟೆಲಿಗೆ ಪರದೆ ತೂಗುಹಾಕಲು ಬೆಳಿಗ್ಗೆಯೇ ಹೋಗಿದ್ದೆ. ಎದುರುಮನೆಯ ಟೀಚರಮ್ಮ ಮಧ್ಯಾಹ್ನ ಬಂದು ಊಟ ಕೊಟ್ಟು ಹೋಗುವುದು ವಾಡಿಕೆ. ಸಂಜೆ ಆರೂವರೆಗೆ ಮನೆಗೆ ಬಂದು ನೋಡಿದರೆ ಹಿಂದಿನ ಕೋಣೆಯಲ್ಲಿ ರಾಡು, ಪ್ಲೇಟು, ಬೆಂಚು, ಸ್ಟ್ಯಾಂಡು ಯಾವುದೂ ಇರಲಿಲ್ಲ. ಆ ಜಾಗದಲ್ಲಿ ಮಡಚುವ ಕಾಲುಗಳ, ತಂತಿಹಗ್ಗ ಎಳೆಯುವ ಒಂದು ಹೊಸ ವ್ಯಾಯಾಮದ ಯಂತ್ರ ನಿಂತಿತ್ತು. ಅದಕ್ಕೆ ಕೆಂಪು ರಿಬ್ಬನ್ನು ಬೇರೆ ಕಟ್ಟಿತ್ತು. ನನಗೆ ಮೈಯೆಲ್ಲ ಉರಿಯಿತು.

ನನ್ನ ಮೈದುನ ಗೃಹೋಪಯೋಗಿ ಸಾಮಾನುಗಳ ಮಳಿಗೆಯಲ್ಲಿ ಮ್ಯಾನೇಜರು. ಫೋನು ಮಾಡಿ ಕೇಳಿದೆ. ಮಳಿಗೆಯಲ್ಲಿ ಹಳೆಯದು ಕೊಟ್ಟು ಹೊಸದು ಒಯ್ಯುವ ಎಕ್ಸ್‌ಚೇಂಜ್ ನಡೆಯುತ್ತಿದೆ, ಇದು ನನಗೆ ತನ್ನ ಕಡೆಯಿಂದ ಉಡುಗೊರೆ ಎಂದ. ನನ್ನ ಸಾಮಾನು ಎಲ್ಲಿ ಎಂದು ಕೇಳಿದ್ದಕ್ಕೆ ಗೋಡೌನಿನಲ್ಲಿ ಭದ್ರವಾಗಿದೆ, ಹೊಸದು ಹಿಡಿಸದಿದ್ದರೆ ವಾಪಸ್ ತಂದಿಡುತ್ತೇನೆ ಎಂದ. ನನ್ನ ಗಂಡನ ಮುಖ ನೋಡಿದೆ. ಅವರು ಟಿವಿ ನೋಡುತ್ತಿದ್ದರು, ಅದರಲ್ಲಿ ಜಾಹೀರಾತು ಬರುತ್ತಿತ್ತು. ಜಾಹೀರಾತನ್ನು ಅವರು ಅಷ್ಟು ಗಮನವಿಟ್ಟು ನೋಡಿದ್ದನ್ನು ನಾನು ಕಂಡಿರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಬುಧವಾರ ಬೆಳಿಗ್ಗೆ, ಬೇಡವೆನ್ನುವ ಮೊದಲು ಒಮ್ಮೆ ನೋಡಿಯೇ ಬಿಡೋಣ ಎಂದು ಆ ಯಂತ್ರದ ಮೇಲೆ ಕುಳಿತು ಹಿಡಿ ಎಳೆದೆ. ಮೇಲಿನ ರಾಟೆ ಪ್ಲಾಸ್ಟಿಕ್ಕಿನದು. ಎಂಟನೇ ಸಲಕ್ಕೆ ಅದು ಬಿರಿದು, ಹಿಡಿ ನೇರವಾಗಿ ಬಂದು ನನ್ನ ಎಡ ಭುಜಕ್ಕೆ ಬಡಿಯಿತು. ಕಂದಿದ ಗುರುತು ಈಗಲೂ ಇದೆ, ಮಹಿಳಾ ಪೇದೆಯವರಿಗೆ ತೋರಿಸಿದ್ದೇನೆ. ಆ ದಿನ ಗಂಡನನ್ನು ಎತ್ತುವಾಗ ನೋವಿಗೆ ಹಲ್ಲು ಕಚ್ಚಿಕೊಂಡೆ, ಅವರು ಅದನ್ನು ನೋಡಿದರು.

ನಿನ್ನೆ, ಶುಕ್ರವಾರ, ಹತ್ತು ಗಂಟೆಗೆ ಮೈದುನ ಕಾರಿನಲ್ಲಿ ಬಂದ. ನನ್ನ ಭುಜಕ್ಕೆ ಕಟ್ಟಿದ್ದ ಪಟ್ಟಿ, ಒಡೆದ ಯಂತ್ರ ಎರಡೂ ಕಂಡವನು ರಾಟೆ ಮುರಿದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. “ನೋಡಿ ಅತ್ತಿಗೆ, ಸೋಫಾ ಥರ ಇರೋ ಮೆಷಿನಲ್ಲೇ ಪೆಟ್ಟು ಮಾಡ್ಕೊಂಡ್ರಿ. ಇನ್ನೆಷ್ಟು ದಿನ ಅಣ್ಣನ್ನ ಎತ್ತೋಕಾಗುತ್ತೆ?” ಎಂದ. ಊರಾಚೆಯ ಆರೈಕೆ ಕೇಂದ್ರದಲ್ಲಿ ಅಣ್ಣನಿಗೆ ತಾನು ಒಂದು ಹಾಸಿಗೆ ಗೊತ್ತು ಮಾಡಿರುವುದಾಗಿಯೂ, ಒಂದನೇ ತಾರೀಖಿನಿಂದ ಅವರು ಅಲ್ಲಿ ಇರಬಹುದು, ನಾನು ಭಾನುವಾರಗಳಂದು ಹೋಗಿ ನೋಡಿ ಬರಬಹುದು ಎಂದೂ ಹೇಳಿದ. ನನ್ನ ಗಂಡನನ್ನು ನೋಡಲು ನನಗೆ ಭಾನುವಾರ ಕೊಡುವವನು ಇವನು. ನಾನು ಕಾರಿನಲ್ಲಿ ಕುಳಿತು, ಮೊದಲು ನನ್ನ ಸಾಮಾನು ಇರುವಲ್ಲಿಗೆ ನಡೆ ಎಂದೆ.

ಕಾರು ಗೋಡೌನಿಗೆ ಹೋಗಲಿಲ್ಲ. ಮೈದುನ ದಾರಿಯುದ್ದಕ್ಕೂ ತಲೆ ಕೆರೆದುಕೊಂಡು, ಕೊನೆಗೆ ರೈಲ್ವೆ ಗೇಟಿನ ಪಕ್ಕದ ಗುಜರಿ ಅಂಗಡಿಯ ಮುಂದೆ ನಿಲ್ಲಿಸಿದ. ಒಳಗೆ ಹರಿದ ತಗಡು, ಸೈಕಲ್ ಫ್ರೇಮುಗಳ ನಡುವೆ ನನ್ನ ಬೆಂಚು ಕಾಲು ಮೇಲಾಗಿ ಬಿದ್ದಿತ್ತು. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ರಾಡು ಎರಡು ತುಂಡಾಗಿ ಗೋಡೆಗೆ ಒರಗಿತ್ತು. ಗುಜರಿಯವರು ಕತ್ತರಿಸಿದ್ದೇ ಎಂದು ಕೇಳಿದೆ. ಗುಜರಿ ಅಂಗಡಿಯ ಯಜಮಾನರು ಕೈಮುಗಿದು, ತಮ್ಮಲ್ಲಿಗೆ ಬಂದಾಗಲೇ ಹಾಗಿತ್ತು ಎಂದರು.

ಮೈದುನ ಆಗ ಬಾಯಿಬಿಟ್ಟ. “ಉದ್ದ ಇತ್ತಲ್ಲ ಅತ್ತಿಗೆ, ಗೂಡ್ಸ್ ಆಟೋದಲ್ಲಿ ಹಿಡೀಲಿಲ್ಲ. ಪಕ್ಕದ ವೆಲ್ಡಿಂಗ್ ಶಾಪಲ್ಲಿ ಕಟ್ ಮಾಡಿಸ್ದೆ. ಸರಿಯಾಗಿ ಮಧ್ಯಕ್ಕೇ ಮಾಡ್ಸಿದೀನಿ” ಎಂದ. ಸರಿಯಾಗಿ ಮಧ್ಯಕ್ಕೆ ಮಾಡಿಸಿದ್ದನ್ನು ಒಂದು ಒಳ್ಳೇ ಕೆಲಸದಂತೆ ಹೇಳಿದ. ಬೇಕಾದರೆ ಮತ್ತೆ ಬೆಸುಗೆ ಹಾಕಿಸಿಕೊಡುತ್ತೇನೆ ಎಂದ. ಬೆಸುಗೆ ಹಾಕಿದ ರಾಡು ಭಾರಕ್ಕೆ ಎಲ್ಲಿ ಮುರಿಯುತ್ತದೆ, ಯಾರ ಕಾಲ ಮೇಲೆ ಬೀಳುತ್ತದೆ ಎಂದು ಅವನಿಗೆ ಗೊತ್ತಿಲ್ಲ. ಆಮೇಲೆ ನಕ್ಕು ಹೀಗೆ ಹೇಳಿದ: “ಅಯ್ಯೋ, ನಿಮಗೆ ಎತ್ತೋಕೆ ಏನೋ ಒಂದು ಬೇಕು, ಅಷ್ಟೇ ತಾನೇ?”

ಹೌದು ಎಂದೆ. ಅವನ ಹತ್ತಿರ ಹೋಗಿ, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ತೊಡೆಯ ಸುತ್ತ ಕೈ ಕಟ್ಟಿ ಎತ್ತಿದೆ. ಭುಜ ನೋಯುತ್ತಿತ್ತು, ಪಿತ್ತ ನೆತ್ತಿಗೇರಿದ್ದರಿಂದ ಅದು ಗೊತ್ತಾಗಲಿಲ್ಲ. ಹತ್ತು ಅಡಿ ದೂರದಲ್ಲಿದ್ದ ತೂಕದ ಯಂತ್ರದವರೆಗೆ ನಡೆದು ಅವನನ್ನು ಅದರ ಮೇಲೆ ನಿಧಾನವಾಗಿ ಇಳಿಸಿದೆ. ಅದು ಎಂಬತ್ತು ಕಿಲೋ ತೋರಿಸಿತು. ಎಸೆದೆ ಎಂದು ಅವನು ಬರೆಸಿರುವುದು ಸುಳ್ಳು. ಎತ್ತಿದ್ದನ್ನು ಎಸೆಯುವ ಅಭ್ಯಾಸ ನನಗಿಲ್ಲ. ಅಲ್ಲಿದ್ದ ಕೂಲಿಯವರು ಶಿಳ್ಳೆ ಹಾಕಿದ್ದಕ್ಕೆ ನಾನು ಹೊಣೆಯಲ್ಲ. “ಇದಕ್ಕೆ ನಮ್ಮಲ್ಲಿ ರೇಟಿಲ್ಲ ಅಕ್ಕ, ವಾಪಸ್ ತಗೊಂಡೋಗಿ” ಎಂದು ಅಂಗಡಿಯ ಯಜಮಾನರು ಅಂದದ್ದಕ್ಕೂ ನಾನು ಹೊಣೆಯಲ್ಲ. ಮೈದುನನ ಅಂಗಿಯ ಒಂದು ಗುಂಡಿ ಕಿತ್ತುಹೋಗಿದ್ದು ನಿಜ. ಅದನ್ನು ಹೊಲಿದುಕೊಡಲು ಸಿದ್ಧಳಿದ್ದೇನೆ.

ಅವನು ತೂಕದ ಯಂತ್ರದಿಂದ ಇಳಿಯುತ್ತಾ, ಎಲ್ಲರಿಗೂ ಕೇಳುವಂತೆ, “ನನ್ನ ಮೇಲ್ಯಾಕೆ ಹಾರಾಡ್ತೀರ? ತಗೊಂಡೋಗು ಅಂದಿದ್ದು ಅಣ್ಣಾನೇ!” ಎಂದು ಕೂಗಿದ. ನಾನು ನಂಬಲಿಲ್ಲ. ಬಸ್ಸು ಹತ್ತಿ ಮನೆಗೆ ಬಂದೆ.

ಮನೆಯಲ್ಲಿ ಗಂಡನನ್ನು ಕೇಳಿದೆ. ಅವರು ಟಿವಿ ಆರಿಸಿ, “ಹೌದು ಕಣೇ, ನಾನೇ ಕೊಟ್ಟೆ” ಎಂದರು. ಆರೈಕೆ ಕೇಂದ್ರಕ್ಕೂ ತಾವೇ ಒಪ್ಪಿರುವುದಾಗಿ ಹೇಳಿದರು. ಯಾಕೆ ಎಂದು ಕೇಳಿದ್ದಕ್ಕೆ, ಭಾನುವಾರಗಳಂದು ಐದನೇ ಸಲಕ್ಕೆ ನನ್ನ ಕೈಕಾಲು ನಡುಗುವುದನ್ನು ತಾವು ಮೂರು ತಿಂಗಳಿಂದ ನೋಡುತ್ತಿರುವುದಾಗಿ ಹೇಳಿದರು. “ಮೊದಲೆಲ್ಲ ನಡುಗ್ತಿರಲಿಲ್ಲ ನೀನು. ವಯಸ್ಸಾಯ್ತು. ನನ್ನಿಂದಾಗಿ ನೀನು ಒಂದಿನ ಅಲ್ಲೇ ಕುಸಿದು ಬೀಳೋದನ್ನ ಮಲ್ಕೊಂಡು ನೋಡ್ಬೇಕಾ ನಾನು? ಎದ್ದು ಹಿಡ್ಕೊಳ್ಳೋಕೂ ಆಗಲ್ಲ ನಂಗೆ” ಎಂದರು.

ನಡುಗಿದ್ದು ವಯಸ್ಸಿಗಲ್ಲ. ಮೂರು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ತೂಕ ನೋಡಿದಾಗ ನನ್ನ ಗಂಡ ಆರು ಕಿಲೋ ಹೆಚ್ಚಾಗಿದ್ದರು. ಅದನ್ನು ಅವರಿಗೆ ಹೇಳಬೇಡಿ ಎಂದು ನರ್ಸಮ್ಮನನ್ನು ಕೇಳಿಕೊಂಡೆ. ತಮ್ಮ ಭಾರ ಹೆಚ್ಚಾಯಿತೆಂದು ತಿಳಿದರೆ ಅವರು ಊಟ ಬಿಡುತ್ತಾರೆ, ಹಿಂದೊಮ್ಮೆ ಬಿಟ್ಟಿದ್ದಾರೆ. ಅವರಿಗೆ ತಿಳಿಯದಂತೆ ರಾಡಿಗೆ ಆರು ಕಿಲೋ ಸೇರಿಸಿದೆ. ಅವರ ಹಾಸಿಗೆಯಿಂದ ಹೊರಗಿನ ಪ್ಲೇಟಿನ ಮುಖ ಮಾತ್ರ ಕಾಣುತ್ತದೆ, ಎಷ್ಟಿವೆ ಎಂದು ಕಾಣುವುದಿಲ್ಲ. ಹೊಸ ಭಾರಕ್ಕೆ ಐದನೇ ಸಲ ಕೈ ನಡುಗುತ್ತದೆ. ನಡುಗಿದರೇ ಶಕ್ತಿ ಬರುವುದು ಎಂದು ಮೇಷ್ಟ್ರು ಮೊದಲ ದಿನವೇ ಕಲಿಸಿದ್ದರು. ನಾನು ಬಲವಾಗುತ್ತಿರುವುದನ್ನು ನೋಡಿ ನನ್ನ ಗಂಡ ನಾನು ಸೋಲುತ್ತಿದ್ದೇನೆ ಎಂದುಕೊಂಡರು. ಬಾಯಿಬಿಟ್ಟು ಒಂದು ಮಾತು ಕೇಳಲಿಲ್ಲ. ದಿನವಿಡೀ ಬೇಡದ್ದೆಲ್ಲ ಮಾತಾಡುವ ಮನುಷ್ಯ ಇದೊಂದನ್ನು ಕೇಳಲಿಲ್ಲ.

ನನಗೆ ಮೈದುನನ ಮೇಲೆ ಇರುವುದಕ್ಕಿಂತ ಹೆಚ್ಚು ಸಿಟ್ಟು ಗಂಡನ ಮೇಲಿದೆ. ಅವನು ಸಾಮಾನು ಮಾತ್ರ ಒಯ್ದ. ಇವರು ತಮ್ಮನ್ನು ತಾವೇ ಕೊಟ್ಟುಬಿಡಲು ಹೊರಟಿದ್ದರು, ಅದೂ ನನಗೆ ಹೇಳದೆ. ರಾತ್ರಿ ಊಟ ಕೊಟ್ಟೆ, ಎತ್ತಿ ಮಲಗಿಸಿದೆ. ಮಾತಾಡಿಸಲಿಲ್ಲ.

ಮನೆಯ ಯಜಮಾನರೇ ಒಪ್ಪಿ ಕೊಟ್ಟಿರುವಾಗ ಕಳವು ಹೇಗಾಗುತ್ತದೆ, ಮನೆಯ ವಿಷಯ, ರಾಜಿ ಮಾಡಿಕೊಳ್ಳಿ ಎಂದು ಠಾಣೆಯ ಸಾಹೇಬರು ಈಗ ಹೇಳುತ್ತಿದ್ದಾರೆ. ಅದನ್ನೂ ಬರೆದುಕೊಳ್ಳಿ ಎಂದು ರೈಟರಿಗೆ ಹೇಳಿದ್ದೇನೆ. ನನ್ನ ವಸ್ತುವನ್ನು ಕೊಡಲು ಮನೆಯ ಯಜಮಾನರು ಯಾರು? ನಾನು ರಾಜಿಗೆ ಒಪ್ಪುವುದಿಲ್ಲ. ಗುಜರಿ ಅಂಗಡಿಯ ಲಾರಿ ನಾಳೆ ಕಬ್ಬಿಣ ಕರಗಿಸುವ ಕಾರ್ಖಾನೆಗೆ ಹೋಗಲಿದೆ, ಅದಕ್ಕೆ ಮೊದಲು ನನ್ನ ಪ್ಲೇಟು, ಬೆಂಚು, ಸ್ಟ್ಯಾಂಡು ವಶಕ್ಕೆ ಪಡೆದು ನನಗೆ ಕೊಡಿಸಬೇಕು. ತುಂಡಾದ ರಾಡಿಗೆ ಬದಲಾಗಿ ಅದೇ ಉದ್ದದ, ಅದೇ ದಪ್ಪದ ಇಡೀ ರಾಡನ್ನು ಮೈದುನ ತಂದುಕೊಡಬೇಕು, ಉಡುಗೊರೆಯೆಂದು ರಿಬ್ಬನ್ನು ಕಟ್ಟಕೂಡದು. ಅವನನ್ನು ಮೊದಲನೇ ಆರೋಪಿ ಎಂದು ಬರೆಯಬೇಕು.

ಎರಡನೇ ಆರೋಪಿಯಾಗಿ ನನ್ನ ಗಂಡನ ಹೆಸರನ್ನು ಸೇರಿಸಬೇಕು. ವಿಚಾರಣೆಗೆ ಅವರನ್ನು ಇಲ್ಲಿಗೆ ಕರೆಸುವುದಾದರೆ ಠಾಣೆಗೆ ಆರು ಮೆಟ್ಟಿಲುಗಳಿವೆ, ಗಾಲಿಕುರ್ಚಿ ಹತ್ತುವುದಿಲ್ಲ. ಪೇದೆಗಳು ಯಾರೂ ಅವರಿಗೆ ಕೈ ಹಚ್ಚಬಾರದು. ಆರೋಪಿಯನ್ನು ನಾನೇ ಎತ್ತಿಕೊಂಡು ಬಂದು ಹಾಜರುಪಡಿಸುತ್ತೇನೆ, ವಿಚಾರಣೆ ಮುಗಿದ ಮೇಲೆ ನಾನೇ ಮನೆಗೆ ಎತ್ತಿಕೊಂಡು ಹೋಗುತ್ತೇನೆ.

ನಾನು ಹೇಳಿದ್ದನ್ನು ರೈಟರು ಬರೆದು ನನಗೆ ಓದಿ ಹೇಳಿದ್ದಾರೆ. ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲದೆ ಇದು ಸತ್ಯವೆಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆ, ರೈಟರ ಮೇಜು
ದಿನ: ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ
(ಸಹಿ)