ಟೈಲರ್ ಚಲುವಯ್ಯನಿಗೊಂದು ಎಲೆ

ನಮ್ಮೂರ ಹಾಲು ಉತ್ಪಾದಕರ ಸಂಘದ ಅಧ್ಯಕ್ಷರೂ ನನ್ನ ಖಾಸಾ ದೊಡ್ಡಪ್ಪನ ಮಗನೂ ಆದ ರಂಗಸ್ವಾಮಣ್ಣನವರೇ, ಹಾಸನದಿಂದ ಜೀಪಿನಲ್ಲಿ ಬಂದು ನಮ್ಮ ರಸ್ತೆಯ ಗುಂಡಿಗಳನ್ನೆಲ್ಲ ಖುದ್ದಾಗಿ ಅನುಭವಿಸಿರುವ ಅಧಿಕಾರಿಗಳೇ, ಅಕ್ಕತಂಗಿಯರೇ, ಹಿಂದೆ ಗೋಡೆಗೊರಗಿ ನಿಂತು ಊಟ ಯಾವಾಗ ಎಂದು ಕಾಯುತ್ತಿರುವ ಸಭಿಕರೇ,

ಕಾರ್ಯದರ್ಶಿಗಳು ಈಗಷ್ಟೇ ನನ್ನ ಕಿವಿಯಲ್ಲಿ, "ಲಕ್ಕಪ್ಪಣ್ಣ, ಥ್ಯಾಂಕ್ಸ್ ಹೇಳಿ ಕೂತ್ಕೊಂಡ್ಬುಡಿ" ಅಂದರು. ಪಾಪ, ಅವರಿಗೆ ನನ್ನ ಹಿನ್ನೆಲೆ ಗೊತ್ತಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಭಾಷಣ ಸ್ಪರ್ಧೆಯ ಮೊದಲ ಬಹುಮಾನ ಪಡೆದವನು ನಾನು. ಸ್ಪರ್ಧೆಗೆ ಇದ್ದವರೇ ಇಬ್ಬರು, ಇನ್ನೊಬ್ಬನಿಗೆ ಅವತ್ತು ಜ್ವರ ಬಂದಿತ್ತು ಎನ್ನುವುದು ಬೇರೆ ಮಾತು. ಗೆಲುವು ಗೆಲುವೇ. ಅಂಥವನ ಕೈಗೆ ಮೈಕು ಕೊಟ್ಟು ಕೂತುಕೋ ಎಂದರೆ ಆದೀತೇ?

ಈ ವರ್ಷ ಸಂಘಕ್ಕೆ ಎಲ್ಲರಿಗಿಂತ ಹೆಚ್ಚು ಹಾಲು ಹಾಕಿದವನು ಎಂದು ನನಗೆ ಸನ್ಮಾನ ಮಾಡಿದ್ದೀರಿ. ಸರಿಯಾಗಿಯೇ ಮಾಡಿದ್ದೀರಿ. ಹುಲ್ಲು ಕೊಯ್ಯುವವಳು, ಸಗಣಿ ಬಾಚುವವಳು, ಹಾಲು ಕರೆಯುವವಳು ನನ್ನ ಹೆಂಡತಿ ಈರಮ್ಮ, ನಿಜ. ಆದರೆ ಕ್ಯಾನು ಹಿಡಿದು ಊರ ನಡುವೆ ನಡೆದು ಬರುವಾಗ ಒಂದು ಗತ್ತು ಬೇಕಲ್ಲ, ಅದು ಪೂರ್ತಿ ನನ್ನದು.

ಇರಲಿ. ನಾನು ಹೇಳಬೇಕೆಂದು ಬಂದದ್ದು ಹಾಲಿನ ವಿಚಾರವಲ್ಲ.

ಮಳೆ ಹಿಂದೆ ಸರಿಯಿತು. ಬೆಳಗಿನ ಹೊತ್ತು ಗದ್ದೆಯ ಮೇಲೆ ಮಂಜು ಕೂರುತ್ತಿದೆ, ಭತ್ತ ಹೊಡೆ ತುಂಬುತ್ತಿದೆ. ಇಷ್ಟು ದಿನ ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿಯುತ್ತಿದ್ದ ಬಟ್ಟೆಗಳು ಅಂಗಳದ ತಂತಿಗೆ ಬಂದಿವೆ. ಮುಂದಿನ ಬುಧವಾರ ಮಹಾಲಯ ಅಮಾವಾಸ್ಯೆ. ತೀರಿಕೊಂಡ ಹಿರಿಯರಿಗೆಲ್ಲ ಸಾಲಾಗಿ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದು ಬಡಿಸಿ, ಹೊಸ ಬಟ್ಟೆ ಇಟ್ಟು, ಬನ್ನಿ ಉಣ್ಣಿ ಎಂದು ಎಡೆ ಇಡುವ ದಿನ. ಈ ಹೊತ್ತಿಗೆ ನಮ್ಮೂರಲ್ಲಿ ಒಬ್ಬ ಮನುಷ್ಯನಿಗೆ ಉಸಿರಾಡಲು ಪುರಸೊತ್ತು ಇರುತ್ತಿರಲಿಲ್ಲ. ಟೈಲರ್ ಚಲುವಯ್ಯ.

ಅಧಿಕಾರಿಗಳಿಗೆ ಗೊತ್ತಿರಲಿಕ್ಕಿಲ್ಲ. ಪಾಂಡವಪುರದ ಕಡೆಯಿಂದ ಹೊಲಿಗೆ ಮೆಷಿನ್ ತಂದು ಬಸ್ ಸ್ಟಾಪಿನ ಪಕ್ಕದ ಕೋಣೆಯಲ್ಲಿ ಕೂತವನು ಕೂತಲ್ಲೇ ಮುದುಕನಾದ. ಮದುವೆ ಇಲ್ಲ, ಮಕ್ಕಳಿಲ್ಲ. ಸಕಲೇಶಪುರದಲ್ಲಿ ರೆಡಿಮೇಡ್ ಅಂಗಡಿಗಳು ಬಂದ ಮೇಲೆ ಹುಡುಗರು ಅವನ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಪಿತೃಪಕ್ಷ ಬಂತೆಂದರೆ ಊರಿನ ಸತ್ತವರೆಲ್ಲ ಅವನ ಗಿರಾಕಿಗಳು. ನಮ್ಮಪ್ಪನ ಎಡೆಗೆ ಅಂಗಿ ಹೊಲಿಸಲು ಹೋದರೆ ಕನ್ನಡಕದ ಮೇಲಿಂದ ನೋಡುತ್ತಿದ್ದ.

"ಲಕ್ಕಪ್ಪ, ಸತ್ತೋರ ಅಳತೆಗೆ ಹೊಲೀಲೋ, ಆಮೇಲೆ ಹಾಕ್ಕೊಂಡು ಮೆರೆಯೋರ ಅಳತೆಗೆ ಹೊಲೀಲೋ?"

"ನಮ್ಮಪ್ಪನ ಅಳತೆಗೇ ಹೊಲಿ. ಹೊಟ್ಟೆ ಹತ್ರ ಮಾತ್ರ ಒಸಿ ಬುಡು."

"ನಿಮ್ಮಪ್ಪಂಗೆ ಹೊಟ್ಟೆ ಎಲ್ಲಿತ್ತೋ ಮಾರಾಯ? ಅವರು ದುಡಿಯೋ ಮನುಷ್ಯ!"

ಅವನ ರಾತ್ರಿ ಊಟ ನಮ್ಮ ಮನೆಯಲ್ಲಿ. ಕರೆದವರು ಯಾರು? ಯಾರೂ ಇಲ್ಲ. ಒಂದು ಸಂಜೆ ಈರಮ್ಮನ ರವಿಕೆ ಕೊಡಲು ಬಂದ, ಮಳೆ ಹಿಡಿಯಿತು, ಉಂಡು ಹೋದ. ಮಾರನೇ ದಿನ ಮಳೆ ಇರಲಿಲ್ಲ, ಆದರೂ ಬಂದ. ಬಂದವನು ಸುಮ್ಮನೆ ಉಣ್ಣುವವನೇ?

"ಈರಮ್ಮ, ಸಾರಿಗೆ ಉಪ್ಪು ಕಮ್ಮಿ ಆಯ್ತು ಕಣವ್ವ."

"ನಿಮ್ಮ ನಾಲಗೆಗೆ ಮೂಟೆ ಉಪ್ಪೇ ಸುರೀಬೇಕು ಚಲುವಣ್ಣ. ರವಿಕೆ ತೋಳು ಬಿಗಿ ಮಾಡಿ ಕೊಟ್ಟಿದ್ದೀರಲ್ಲ, ಅದನ್ನ ಮೊದ್ಲು ಬಿಚ್ಚಿ ಸರಿ ಮಾಡಿ!"

ಇದು ದಿನಾ ನಡೆಯುವ ಪೂಜೆ. ನಾನು ನಡುವೆ ಕೂತು ರೊಟ್ಟಿ ಮುರಿಯುತ್ತಿದ್ದೆ. ನನ್ನ ಬಡಾಯಿಯನ್ನು ಅರ್ಧಕ್ಕೇ ಕತ್ತರಿಸುವ ಧೈರ್ಯ ಈ ಊರಲ್ಲಿ ಇದ್ದದ್ದು ಅವನೊಬ್ಬನಿಗೆ. "ಸುಳ್ಳು ಕಣೋ" ಅನ್ನುತ್ತಿದ್ದ. ನಾನು ಇನ್ನೊಂದು ಸೇರಿಸಿ ಹೇಳುತ್ತಿದ್ದೆ. ಈಗ ಅಡ್ಡ ಬರುವವರೇ ಇಲ್ಲ, ಎಷ್ಟು ಬೇಕಾದರೂ ಕೊಚ್ಚಿಕೊಳ್ಳಬಹುದು. ಆದರೆ ನೋಡಿ, ಶುರು ಮಾಡುತ್ತೇನೆ, ಯಾರೂ ಸುಳ್ಳು ಅನ್ನುವುದಿಲ್ಲ, ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಹೋದ ವರ್ಷ ಆಷಾಢದಲ್ಲಿ ಚಲುವಯ್ಯ ತೀರಿಕೊಂಡ. ಪಾಂಡವಪುರದ ಕಡೆಗೆ ಹೇಳಿ ಕಳಿಸಿದೆವು, ಯಾರೂ ಬರಲಿಲ್ಲ. ಆಗ ನಮ್ಮ ಅಧ್ಯಕ್ಷರು ಕೊಡೆ ಹಿಡಿದು ನಿಂತು ಹೇಳಿದ ಮಾತು ಎಲ್ಲರಿಗೂ ನೆನಪಿರಬೇಕು. "ಲಕ್ಕಪ್ಪ, ನಿನ್ನ ಸ್ನೇಹಿತ, ನೀನೇ ಬೆಂಕಿ ಕೊಡು. ನಡೀತೈತೆ" ಅಂದರು. ಕೊಟ್ಟೆ. ಹೊರುವಾಗ ಅವನದು ಯಾವ ಕುಲ ಎಂದು ಯಾರಾದರೂ ಕೇಳಿದಿರಾ? ಒದ್ದೆ ಸೌದೆ ಹತ್ತದೆ ನಾನು ಊದಿ ಊದಿ ಸುಸ್ತಾದಾಗ ಯಾರಾದರೂ ಕೇಳಿದಿರಾ? ಅವತ್ತು ನನ್ನ ಕಣ್ಣು ಕೆಂಪಾಗಿದ್ದದ್ದು ಹೊಗೆಗೆ, ಬೇರೆ ಯಾವುದಕ್ಕೂ ಅಲ್ಲ. ಆ ಬಗ್ಗೆ ಊರಲ್ಲಿ ಏನೇನೋ ಹೇಳುತ್ತಾರೆ, ನಂಬಬೇಡಿ.

ಸರಿ, ವರ್ಷ ತುಂಬಿತು. ಈ ಸಲ ನಮ್ಮ ಹಿರಿಯರ ಸಾಲಿನಲ್ಲಿ ಅವನಿಗೂ ಒಂದು ಎಲೆ ಹಾಕುತ್ತೇನೆ ಅಂದೆ. ಅಂದದ್ದೇ ತಪ್ಪಾಯಿತು. ಮೊನ್ನೆ ಅಧ್ಯಕ್ಷರು ಜಗಲಿಗೆ ಕರೆಸಿಕೊಂಡರು.

"ಬೇರೆ ಕುಲದೋನಿಗೆ ನಮ್ಮ ಹಿರೀಕರ ಸಾಲಲ್ಲಿ ಎಡೆನಾ? ಹಂಗೇನಾರ ಮಾಡಿದ್ರೆ ಅಣ್ತಮ್ಮಂದಿರು ಒಬ್ರೂ ನಿನ್ನ ಮನೆ ಹೊಸ್ಲು ತುಳಿಯಾಕಿಲ್ಲ ಕಣೋ."

ಅಧಿಕಾರಿಗಳೇ, ಇದು ಸಣ್ಣ ಮಾತಲ್ಲ. ಎಡೆ ಇಟ್ಟ ಮನೆಯಲ್ಲಿ ಅಣ್ಣತಮ್ಮಂದಿರು ಉಣ್ಣಲಿಲ್ಲ ಎಂದರೆ ನಾಳೆ ನನ್ನ ಮಗಳ ಮದುವೆಗೆ ಚಪ್ಪರ ಹಾಕುವವರಿಲ್ಲ, ನಾನು ಸತ್ತರೆ ಹೆಗಲು ಕೊಡುವವರಿಲ್ಲ. ನನಗೆ ಹೆದರಿಕೆ ಎಂದರೇನೆಂದು ಗೊತ್ತಿಲ್ಲ. ಆದರೂ ಮನೆಗೆ ಹೋಗಿ ಈರಮ್ಮನಿಗೆ, "ಚಲುವಯ್ಯಂದು ಜಗಲಿ ಮೂಲೇಲಿ ಇಟ್ಬುಡಾಣ, ಯಾರಿಗೂ ಕಾಣಾಕಿಲ್ಲ" ಅಂದೆ. ಅದು ಹೆದರಿಕೆ ಅಲ್ಲ, ಉಪಾಯ.

ಈರಮ್ಮ ಅಕ್ಕಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು.

"ಜಗಲೀಲಿ ಇಡಾಕೆ ಅವ್ರೇನು ಭಿಕ್ಷಕ್ಕೆ ಬಂದಿದ್ರಾ? ಇಷ್ಟು ವರ್ಷ ಒಳಗೆ ಕೂತು ಉಂಡೋರು ಒಳಗೇ ಉಣ್ಲಿ. ಮಾವನೋರ ಪಕ್ಕಕ್ಕೇ ಹಾಕಿ ಎಲೆ. ಕೋಳಿ ಸಾರಿಗೆ ಬೇಕೂಂತ್ಲೇ ಉಪ್ಪು ಕಮ್ಮಿ ಹಾಕ್ತೀನಿ. ತಡೀನಾರದೆ ಎದ್ದು ಬಂದು ಬೈಲಿ, ನೋಡಾಣ!"

ಅಂದವಳೇ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೊಟ್ಟಿಗೆಗೆ ಹೋದಳು. ಹಾಲು ಕರೆಯುವ ಹೊತ್ತಾಗಿರಲಿಲ್ಲ. ಅವಳು ಎಷ್ಟು ಹೊತ್ತಾದರೂ ಬರಲಿಲ್ಲ, ನಾನೂ ಕರೆಯಲು ಹೋಗಲಿಲ್ಲ. ಮೊರದಲ್ಲಿದ್ದ ಅಕ್ಕಿಯನ್ನು ನಾನೇ ಕೇರಿದೆ. ಅರ್ಧ ಅಕ್ಕಿ ಕೋಳಿಗಳ ಪಾಲಾಯಿತು.

ಹಾಗಾಗಿ ಸಭಿಕರೇ, ಈ ಮೈಕಿನಲ್ಲೇ, ಎಲ್ಲರ ಎದುರಿಗೇ ಹೇಳುತ್ತಿದ್ದೇನೆ. ಜಗಲಿಯಲ್ಲಿ ಅಲ್ಲ, ಕೊಟ್ಟಿಗೆಯಲ್ಲಿ ಅಲ್ಲ, ಕದ್ದು ಮುಚ್ಚಿ ಅಲ್ಲ. ನಡುಮನೆಯಲ್ಲಿ, ನಮ್ಮ ಹಿರಿಯರ ಸಾಲಿನಲ್ಲಿ, ಟೈಲರ್ ಚಲುವಯ್ಯನ ಎಲೆ ಬೀಳುತ್ತದೆ. ನೀವೇ ಯೋಚನೆ ಮಾಡಿ. ನಿಮ್ಮ ಅಪ್ಪಂದಿರು ಅಜ್ಜಂದಿರು ಇಷ್ಟು ವರ್ಷ ಯಾರು ಹೊಲಿದ ಅಂಗಿಗೆ ಕೈ ತೂರಿಸಿ ನಿಮ್ಮ ಮನೆಗೆ ಉಣ್ಣಲು ಬಂದರು? ಊರಿನ ಸತ್ತವರಿಗೆಲ್ಲ ಮೈ ಮುಚ್ಚಿದವನು ತಾನು ಸತ್ತ ಮೇಲೆ ಬಾಗಿಲಾಚೆ ನಿಂತು ವಾಸನೆ ಕುಡಿಯಬೇಕೇ? ಬೆಂಕಿ ಕೊಡುವುದಕ್ಕೆ ಆಗುವ ಕೈ ಅನ್ನ ಇಡುವುದಕ್ಕೆ ಆಗುವುದಿಲ್ಲವೇ?

ಬುಧವಾರ ನಮ್ಮ ಮನೆ ಬಾಗಿಲು ತೆಗೆದಿರುತ್ತದೆ. ಬಂದವರಿಗೆ ಕಡುಬು, ಕೋಳಿ ಸಾರು. ಉಪ್ಪು ಕಮ್ಮಿ ಇರುತ್ತದೆ, ಈಗಲೇ ಹೇಳಿದ್ದೇನೆ. ಯಾರೂ ಬರದಿದ್ದರೆ ಮಾರನೇ ದಿನ ಬಿಸಿ ಮಾಡಿಕೊಂಡು ನಾವೇ ತಿನ್ನುತ್ತೇವೆ, ಕೋಳಿ ಸಾರು ತಂಗಳಾದಷ್ಟೂ ರುಚಿ.

ರಂಗಸ್ವಾಮಣ್ಣ ಬರುವುದಿಲ್ಲ ಅಂದಿದ್ದಾರೆ. ಅಣ್ಣನ ಮಾತು ಅಣ್ಣನಿಗೆ. ಆದರೆ ತೀರಿಕೊಂಡ ಅವರಪ್ಪ, ನನ್ನ ದೊಡ್ಡಪ್ಪ, ವರ್ಷವರ್ಷವೂ ನಮ್ಮ ಮನೆಯ ಸಾಲಿನಲ್ಲೂ ಉಣ್ಣುವವರು. ಈ ಸಲವೂ ಬರುತ್ತಾರೆ. ಒಂದು ಕಡೆ ನಮ್ಮಪ್ಪ, ಇನ್ನೊಂದು ಕಡೆ ದೊಡ್ಡಪ್ಪ, ನಡುವೆ ಚಲುವಯ್ಯ. ಇವನ ಪಕ್ಕ ಕೂತು ಉಣ್ಣಲಾರೆ ಎಂದು ಏಳುವುದಿದ್ದರೆ ದೊಡ್ಡಪ್ಪನೇ ಏಳಲಿ. ಅವರು ಏಳುವವರೆಗೆ ಆ ಎಲೆ ಎತ್ತಲು ಬದುಕಿರುವವರು ಯಾರೂ ನಮ್ಮ ಹೊಸ್ತಿಲ ಹತ್ತಿರ ಬರಬೇಡಿ.

ಹಾರ ಹಾಕಿದವರಿಗೆ, ಮೈಕು ಕಿತ್ತುಕೊಳ್ಳಬೇಕೆನ್ನಿಸಿದರೂ ಕಿತ್ತುಕೊಳ್ಳದೆ ಕೂತ ಅಧ್ಯಕ್ಷರಿಗೆ, ಹಸಿದರೂ ಎದ್ದು ಹೋಗದ ನಿಮಗೆಲ್ಲರಿಗೂ ನನ್ನ ಮತ್ತು ಈರಮ್ಮನ ವಂದನೆಗಳು. ನಮಸ್ಕಾರ.